ಮಿಲ್ಟ್ರಿ ಸಾಹೇಬರ ರೈಫಲ್ಲಿಗೆ ನಾನು ಕೂರಿಸಿದ ಪ್ಲಾಸ್ಟಿಕ್ ಸ್ಟಾಕು

ಕೊಳ್ಳೇಗಾಲದಲ್ಲಿ ನನ್ನದೊಂದು ವೆಲ್ಡಿಂಗ್ ಶಾಪಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಂದ ಕೆಲಸವನ್ನು ಆಗೋಲ್ಲ ಅಂತ ವಾಪಸ್ ಕಳಿಸಿದವನಲ್ಲ. ಕುಂತೂರಿನ ಕಬ್ಬಿನ ಟ್ರೇಲರಿನಿಂದ ಹಿಡಿದು ಯಳಂದೂರಿನ ಅಕ್ಕಿ ಗಿರಣಿಯ ಜರಡಿವರೆಗೆ ನನ್ನ ಕೈಗುರುತಿದೆ.

ಕೌದಳ್ಳಿಯ ನಿವೃತ್ತ ಸೈನಿಕರೊಬ್ಬರು ನನ್ನಲ್ಲಿಗೆ ಬರುತ್ತಿದ್ದರು. ಎಪ್ಪತ್ತು ದಾಟಿದವರು. ನಮಗೆಲ್ಲ ಅವರು ಮಿಲ್ಟ್ರಿ ಸಾ. ಲೈಸೆನ್ಸಿನ ಒಂದು ಸಣ್ಣ ರೈಫಲ್ ಇತ್ತು. ವರ್ಷಕ್ಕೊಂದು ಸಲ ಮೈಸೂರಿನಲ್ಲಿ ಹಿರಿಯರ ಸ್ಪರ್ಧೆಗೆ ಹೋಗಿ ಗುರಿ ಹೊಡೆದು ಬರುವುದೇ ಅವರ ದೊಡ್ಡ ಹಬ್ಬ. ಅದರ ಮರದ ಸ್ಟಾಕು, ಅಂದರೆ ನಳಿಗೆಯನ್ನು ಹೊತ್ತು ಭುಜಕ್ಕೆ ಆನುವ ಭಾಗ, ಸೀಳು ಬಿಟ್ಟಿತ್ತು. ಬದಲಿಗೆ ಒಂದು ಪ್ಲಾಸ್ಟಿಕ್ಕಿನದು ತರಿಸಿ, ಆಯುಧಪೂಜೆಗೆ ಮೂರು ದಿನ ಇರುವಾಗ ನನ್ನ ಮುಂದಿಟ್ಟರು.

"ಮುಂದ್ಗಡೆ ಇಸುಕುದ್ರೆ ಬಳುಕ್ತದೆ ಮೇಸ್ತ್ರಿ. ನಳಿಗೆಗೆ ತಾಗುದ್ರೆ ಗುಂಡು ಎತ್ತಗೋ ಓಯ್ತದೆ. ಗಟ್ಟಿ ಮಾಡ್ಕೊಡು."

"ಟ್ರೇಲರ್ ಚಾಸೀನೇ ನಿಲ್ಸಿವ್ನಿ ಸಾ. ಇದೇನು, ಬಾಚಣಿಗೆ ಇದ್ದಂಗದೆ."

"ಬಾಚಣಿಗೆ ಅಂದ್ಕಂಡು ತಲೆ ಬಾಚ್ಕಬುಟ್ಟೀಯ ಕಣ್ಲಾ," ಅಂತ ನಕ್ಕರು.

ಕೆಲಸ ಕಷ್ಟದ್ದಲ್ಲ. ಸ್ಟಾಕಿನ ಮುಂಭಾಗ ಒಳಗೆ ಟೊಳ್ಳು. ಅಲ್ಲಿ ಎರಡು ಉಕ್ಕಿನ ಸರಳು ಮಲಗಿಸಿ, ಎರಡು ಡಬ್ಬಿ ಬೆರೆಸುವ ಗಟ್ಟಿ ಅಂಟನ್ನು ಹುಯ್ಯಬೇಕು. ಆದರೆ ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಸುಮ್ಮನೆ ಹಿಡಿಯುವುದಿಲ್ಲ. ಮೊದಲು ಒಳಮೈಯನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡಿ, ಅಲ್ಲಲ್ಲಿ ಸಣ್ಣ ತೂತು ಕೊರೆಯಬೇಕು. ಇದು ನನಗೆ ಗೊತ್ತಿತ್ತು. ಅರ್ಧ ದಿನದ ಕೆಲಸ.

ನನ್ನ ಅಂಗಡಿಯಲ್ಲಿ ಒಂದು ಕಟ್ಟುಪಾಡಿದೆ. ಆಯುಧಪೂಜೆಯ ದಿನ ಇನ್ನೊಬ್ಬರ ಸಾಮಾನು ನನ್ನಲ್ಲಿ ಉಳಿಯಬಾರದು. ಅದರ ಕುಂಕುಮ ಅದರ ಯಜಮಾನನ ಮನೆಯಲ್ಲೇ ಆಗಬೇಕು. ಒಂದು ವರ್ಷವೂ ತಪ್ಪಿಸಿಲ್ಲ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಆ ಸಲ ಟ್ರೇಲರುಗಳು ಸಾಲುಗಟ್ಟಿ ನಿಂತಿದ್ದವು. ಒಳಮೈಯನ್ನು ಬಟ್ಟೆಯಲ್ಲಿ ಒರೆಸಿ ಅಂಟು ಹುಯ್ದುಬಿಟ್ಟೆ.

ಹಬ್ಬದ ಹಿಂದಿನ ದಿನ ಅವರು ರೈಫಲ್ ತಂದರು. ಅದನ್ನು ಕಣ್ಣೆದುರಿಂದ ಸರಿಸುವವರಲ್ಲ. ನಾನು ಸ್ಟಾಕು ಕೂರಿಸಿ ತಿರುಪು ಬಿಗಿಯುವಷ್ಟು ಹೊತ್ತೂ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡಿದ್ದರು. ಅವರದೇ ಬಸ್ ಟಿಕೆಟ್ ಇಸಿದುಕೊಂಡು ನಳಿಗೆಗೂ ಸ್ಟಾಕಿಗೂ ನಡುವೆ ಎಳೆದು ತೋರಿಸಿದೆ. ಎಲ್ಲೂ ತಡೆಯದೆ ಬಂತು, ಅಂದರೆ ಎರಡೂ ತಾಗುತ್ತಿಲ್ಲ. ಗುರಿ ಹಿಡಿಯುವಾಗ ರೈಫಲ್ ಆನಿಸುವಂಥ ಮರಳು ಚೀಲದ ಮೇಲೆ ಒತ್ತಿಟ್ಟು ಇನ್ನೊಂದು ಸಲ ಎಳೆದು ನೋಡಬೇಕಿತ್ತು. ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಮತ್ತೆ ಬಂದರು. ಅಂಗಡಿಯಲ್ಲಿ ಆಗ ಮೂವರಿದ್ದರು: ಪಕ್ಕದ ಪಂಕ್ಚರ್ ಅಂಗಡಿಯವನು, ನೇಗಿಲ ಗುಳ ತಂದಿದ್ದ ಶಾಗ್ಯದ ರೈತ, ಕುಂತೂರಿಗೆ ಕಬ್ಬು ಹೊಡೆಯುವ ಒಬ್ಬ ಟ್ರಾಕ್ಟರ್ ಡ್ರೈವರ್.

"ಮೊದುಲ್ನೇ ಗುಂಡು ನಡೂಕೇ ಬೀಳ್ತದೆ. ಆಮೇಲಿನವು ಎಡಕ್ಕೆ ಓಯ್ತವೆ. ಒಂದ್ಸಲ ಬಿಚ್ಚಿ ನೋಡು ಮೇಸ್ತ್ರಿ."

"ನನ್ ಕೆಲ್ಸ ಬಿಚ್ಚಿ ನೋಡುವಂಥದ್ದಲ್ಲ ಸಾ. ವಯಸ್ಸಾಯ್ತಲ್ಲ, ನಿಮ್ ಕೈ ನಡುಗ್ತಾ ಅದೆ."

"ಕೋವಿ ಬುಟ್ಟು ಊರುಗೋಲು ಇಡ್ಕಳಿ ಸಾ!" ಅಂದ ಡ್ರೈವರ್. ಮೂವರೂ ನಕ್ಕರು. ನಾನೂ ನಕ್ಕೆ.

ಮಿಲ್ಟ್ರಿ ಸಾ ತಮ್ಮ ಬಲಗೈಯನ್ನು ಮುಂದೆ ಹಿಡಿದು, ಮಗುಚಿ, ನೋಡಿಕೊಂಡರು. ರೈಫಲ್ಲನ್ನು ಚೀಲಕ್ಕೆ ಹಾಕಿ ಬಸ್ಸಿಗೆ ನಡೆದರು.

ಶಿವರಾತ್ರಿಯ ಹೊತ್ತಿಗೆ ಬರೀ ಸ್ಟಾಕು ಹಿಡಿದು ಬಂದರು. ರೈಫಲ್ಲನ್ನು ಕೋವಿ ಅಂಗಡಿಗೆ ಮಾರಿಬಿಟ್ಟಿದ್ದರು. ಅಲ್ಲಿಯವರು ಹಳೇ ಮರದ್ದೇ ಸಾಕು ಅಂದರಂತೆ. "ನೀನ್ ಯೋಳಿದ್ ಮ್ಯಾಲೆ ದಿನಾ ನೋಡ್ಕಂಡೆ. ನಡುಗ್ತದೆ ಕಣಪ್ಪಾ. ಇದ ನೀನೇ ಮಡಿಕ."

ಅವರು ಹೋದ ಮೇಲೆ ಸ್ಟಾಕಿನ ಮೂತಿಯನ್ನು ಮೇಜಿಗೆ ಒತ್ತಿದೆ. ಒಳಗೆ ಏನೋ ಕಿರ್ ಅಂತು. ಸ್ಕ್ರೂ ಡ್ರೈವರ್ ತುದಿಯಿಂದ ಮೀಟಿದೆ. ಒಣಗಿದ ಕೊಬ್ಬರಿ ಗಿಟುಕು ಚಿಪ್ಪು ಬಿಡುವ ಹಾಗೆ ಸರಳು, ಅಂಟು ಎಲ್ಲ ಒಂದೇ ಗಟ್ಟಿಯಾಗಿ ಕೈಗೆ ಬಂತು. ಕೆಳಮೈ ನುಣ್ಣಗೆ ಹೊಳೆಯುತ್ತಿತ್ತು. ಉಪ್ಪುಕಾಗದ ಕಂಡಿದ್ದರೆ ಹಾಗೆ ಹೊಳೆಯುತ್ತಿರಲಿಲ್ಲ. ಅಂಟು ಹಿಡಿದೇ ಇರಲಿಲ್ಲ. ಮೊದಲ ಗುಂಡಿನ ಅದುರಿಗೆ ಸರಳು ಜರುಗಿ, ಆಮೇಲೆ ಮರಳು ಚೀಲದ ಮೇಲೆ ಭಾರ ಬಿಟ್ಟಾಗಲೆಲ್ಲ ಸ್ಟಾಕು ಬಳುಕಿ ನಳಿಗೆಗೆ ತಾಗಿದೆ. ಅವರ ಕೈಯದೇನೂ ತಪ್ಪಿರಲಿಲ್ಲ.

ಹತ್ತು ದಿನ ಅದನ್ನು ಗೋಣಿಚೀಲದಡಿ ಮುಚ್ಚಿಟ್ಟೆ. ಬೇರೆ ಯಾರ ಕೆಲಸ ಹಿಡಿದರೂ ಕಣ್ಣು ಆ ಮೂಲೆಗೇ ಹೋಗುತ್ತಿತ್ತು. ಹನ್ನೊಂದನೇ ದಿನ ಬೈಕಿಗೆ ಕಟ್ಟಿಕೊಂಡು ಕೌದಳ್ಳಿಗೆ ಹೋದೆ.

ಅವರ ಮನೆಯವರು ಇಬ್ಬರಿಗೂ ಟೀ ತಂದುಕೊಟ್ಟರು. ಮಿಲ್ಟ್ರಿ ಸಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಸಣ್ಣ ಮಕ್ಕಳು ಹಿಡಿಯುವ ಹಾಗೆ. ನನ್ನ ಅಂಗಡಿಯಲ್ಲಿ ಎಷ್ಟೋ ಸಲ ಟೀ ಕುಡಿದವರು, ಯಾವತ್ತೂ ಹಾಗೆ ಹಿಡಿದವರಲ್ಲ. ನನ್ನ ಲೋಟ ಬದಿಗಿಟ್ಟೆ. ಸ್ಟಾಕನ್ನೂ ಆ ಅಂಟಿನ ಗಟ್ಟಿಯನ್ನೂ ಜಗಲಿ ಮೇಲಿಟ್ಟು, ಉಜ್ಜದೆ ಹುಯ್ದಿದ್ದು, ಒತ್ತಿ ನೋಡದೆ ಕೊಟ್ಟಿದ್ದು, ಎಲ್ಲ ಹೇಳಿದೆ.

ಅವರು ನುಣ್ಣಗಿದ್ದ ಕಡೆ ಬೆರಳಾಡಿಸಿದರು. ಆಮೇಲೆ ಲೋಟವನ್ನು ಬಲಗೈಯೊಂದರಲ್ಲೇ ಎತ್ತಿ ತೋಳು ಚಾಚಿದರು. ಟೀ ಅಲುಗಲಿಲ್ಲ.

"ನಡುಗ್ತದಾ?"

"ಇಲ್ಲ ಸಾ."

"ಬಂದೂಕು ಓಯ್ತು, ಇನ್ ಬರಾಕಿಲ್ಲ. ಅವತ್ತು ಮೂರ್ ಜನದ್ ಮುಂದೆ ಅಂದೆ ನೀನು. ಅವ್ರ್ ಮುಂದೇನೇ ಓಗಿ ಯೋಳು."

ಪಂಕ್ಚರ್ ಅಂಗಡಿಯವನಿಗೆ ಅವತ್ತೇ ಹೇಳಿದೆ. "ಅಯ್ಯೋ, ಅದ್ಯಾಕೀಗ ಬುಡಣ್ಣಾ," ಅಂದ. ಬಿಡದೆ ಪೂರ್ತಿ ಹೇಳಿದೆ. ಶಾಗ್ಯದವನನ್ನು ಹನೂರಿನಲ್ಲಿ ಹಿಡಿದು ಹೇಳಿದೆ. ಡ್ರೈವರ್ ಮಾತ್ರ ಸಿಕ್ಕಿಲ್ಲ. ಯಾವ ಊರಿನವನೋ, ಆ ಹಂಗಾಮು ಮುಗಿಸಿ ಹೋದವನು ಮತ್ತೆ ಬಂದಿಲ್ಲ. ಈಗಲೂ ಕಬ್ಬಿನ ಟ್ರಾಕ್ಟರ್ ಅಂಗಡಿ ಮುಂದೆ ನಿಂತರೆ ಗ್ರೈಂಡರ್ ಆಫ್ ಮಾಡಿ, ಮೊದಲು ಸೀಟಿನಲ್ಲಿ ಕೂತವನ ಮುಖ ನೋಡುತ್ತೇನೆ.