ಅಳಿಸಲು ಬಾರದ ಫೋಟೊ

ಕೋವಿಡ್ ಕಳೆದು ಕಚೇರಿಗಳ ಅರ್ಧ ಕೆಲಸ ಮೊಬೈಲಿಗೆ ಬಂದಿದ್ದ ವರ್ಷಗಳವು. ನಾನು ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಡಿಜಿಟಲ್ ತರಬೇತಿ ಸಂಯೋಜಕಿಯಾಗಿದ್ದೆ. ಕುಂದಾಪುರ ಬಳಿಯ ತೆಕ್ಕಟ್ಟೆ ಕಡೆ, ಮನೆಯಿಲ್ಲದವರಿಗೆಂದು ಕಟ್ಟಿದ ವಸತಿ ಸಮುಚ್ಚಯವೊಂದಕ್ಕೆ ವೈಫೈ ಬರಲಿತ್ತು. ಅದನ್ನು ಯಾರು, ಯಾವುದಕ್ಕೆ, ಹೇಗೆ ಬಳಸಬೇಕೆಂದು ಸಿಬ್ಬಂದಿಯೂ ನಿವಾಸಿಗಳೂ ಸೇರಿ ಯೋಜಿಸಲು ನೆರವಾಗುವುದು ನನ್ನ ಕೆಲಸ.

"ಇವ್ರಿಗೆ ಬಿಟ್ಟಿ ವೈಫೈ ಕೊಟ್ರೆ ರೀಲ್ಸ್ ಕಾಣ್ತ್ರ್, ಅಷ್ಟೇ ಮೇಡಂ" ಎಂದು ಸಮುಚ್ಚಯದ ಉಸ್ತುವಾರಿ ಸುಧಾಕರ ಮೊದಲೇ ಹೇಳಿದ್ದರು. ಸಭೆಗೆ ಬಂದ ನಿವಾಸಿಗಳು ಕುರ್ಚಿಗಳಿದ್ದರೂ ಕೂರಲಿಲ್ಲ. ನಾನು ಮಾತು ಶುರುಮಾಡುತ್ತಿದ್ದಂತೆ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಗಿರಿಜಾ ಮುಂದೆ ಬಂದರು.

"ಹ್ವಾಯ್, ನಮ್ಗೆ ಇಂಟರ್ನೆಟ್ ಕಲ್ಸುಕ್ ಬಂದದ್ದಾ? ಮೊದ್ಲ್ ಅವ್ರಿಗೆ ಕಲ್ಸಿ."

ಸುಧಾಕರರತ್ತ ಕೈತೋರಿಸಿ, ತಮ್ಮ ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು. ಸಮುಚ್ಚಯದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ. ಸೂರು ಸೋರಿ ನೆನೆದ ಬಟ್ಟೆಗಳನ್ನು ಕಾರಿಡಾರಿನಲ್ಲಿ ಹರವುತ್ತಿದ್ದ ಅವರ ಮಗಳು. ಹಗ್ಗದ ಮೇಲೆ ಅವಳ ಒಳಉಡುಪುಗಳು. ಕೆಳಗೆ ಸುಧಾಕರರ ಬರಹ: 'ಇದು ಇವರ ಸಂಸ್ಕೃತಿ.' ಆ ಗ್ರೂಪಿನಲ್ಲಿ ಸಿಬ್ಬಂದಿಯ ಹೊರತು ಯಾರೂ ಬರೆಯುವಂತಿರಲಿಲ್ಲ. ಫೋಟೊ ಕೈಯಿಂದ ಕೈಗೆ ದಾಟಿ ಕುಂದಾಪುರದ ಕಾಲೇಜಿಗೆ ಮುಟ್ಟಿತ್ತು. ಅಂದಿನಿಂದ ಹುಡುಗಿ ಕಾಲೇಜಿಗೆ ಹೋಗಿರಲಿಲ್ಲ.

"ಕಾರಿಡಾರಲ್ಲಿ ಬಟ್ಟೆ ಒಣ್ಸುಕಾಗ ಅಂತ ಎಷ್ಟ್ ಸಲ ಹೇಳುದ್?" ಎಂದರು ಸುಧಾಕರ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಇದು ಇತ್ಯರ್ಥವಾಗದೆ ತರಬೇತಿ ನಡೆಯದು ಎಂದೆ. ನಾನು ಜನರನ್ನು ಎತ್ತಿಕಟ್ಟುತ್ತಿದ್ದೇನೆಂದು ಸುಧಾಕರ ನಮ್ಮ ಸಂಸ್ಥೆಗೆ ದೂರು ಕೊಟ್ಟರು. ನಿರ್ದೇಶಕರು ಫೋನಿನಲ್ಲೇ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಿವಾಸಿಗಳಿಗೂ ನನ್ನ ಮೇಲೆ ನಂಬಿಕೆ ಬರಲಿಲ್ಲ. ಪೊಲೀಸರಿಗೆ ದೂರು ಕೊಡೋಣ, ಜೊತೆಗೆ ನಾನು ಬರುತ್ತೇನೆ ಎಂದರೆ ಗಿರಿಜಾ, "ನಾಳೆ ನೀವ್ ಹೋತ್ರಿ. ನಾವ್ ಇಲ್ಲೇ ಇರ್ಕ್" ಎಂದುಬಿಟ್ಟರು.

ಹುಡುಗಿಯ ಒಪ್ಪಿಗೆಯಿಲ್ಲದ ಫೋಟೊ ಇದು, ಪ್ರಕರಣವಾದರೆ ಎಲ್ಲರ ಹೆಸರೂ ಬರುತ್ತದೆ ಎಂದು ನಿರ್ದೇಶಕರಿಗೆ ಬರೆದುಕೊಟ್ಟೆ. ಅವರು ಅದನ್ನು ಸುಧಾಕರರ ಮೇಲಿನವರಿಗೆ ಮುಟ್ಟಿಸಿದ ಮೇಲೆ ಅಲ್ಲಿಂದ ಮೇಲಧಿಕಾರಿಯೊಬ್ಬರು ಮುಂದಿನ ಸಭೆಗೆ ಬಂದರು. ಸುಧಾಕರ ಗೋಡೆ ನೋಡುತ್ತ, "ತಪ್ಪಾಯ್ತ್" ಎಂದರು.

"ಅಳ್ಸಿ" ಎಂದರು ಗಿರಿಜಾ.

ಹಾಕಿ ಬಹಳ ದಿನವಾಗಿದ್ದರಿಂದ ಹಾಕಿದವರೇ ಅಳಿಸಿದರೂ ಬೇರೆಯವರ ಫೋನಿನಿಂದ ಅದು ಹೋಗುವುದಿಲ್ಲ ಎಂದು ನಾನು ವಿವರಿಸಿದೆ. ಆಕೆ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತರು. ಫೋನ್ ತೆಗೆಸಿ, ಕಣ್ಣೆದುರೇ ಅಳಿಸುವಂತೆ ಮಾಡಿದರು. ನೆರೆಮನೆಯವರನ್ನೂ ಬಿಡಲಿಲ್ಲ. ಕೆಲವರು ತಲೆ ತಗ್ಗಿಸಿದರು, ಒಬ್ಬಾತ ಗೊಣಗಿದ. ಕೊನೆಗೆ ಸುಧಾಕರರ ಮುಂದೆ ಕೈಚಾಚಿದರು. ಅವರು ಫೋನು ಕೊಟ್ಟರು.

ಯೋಜನೆ ಆಮೇಲೆ ಆಯಿತು. ಹೊಸ ಗ್ರೂಪಿನಲ್ಲಿ ಯಾರು ಬೇಕಾದರೂ ಬರೆಯಬಹುದು. ಕೇಳದೆ ಯಾರ ಫೋಟೊವನ್ನೂ ಹಾಕುವಂತಿಲ್ಲ. ರಿಪೇರಿಯ ದೂರಿಗೆ ಸಿಬ್ಬಂದಿ ಅಲ್ಲೇ ಉತ್ತರಿಸಬೇಕು. ಮೊದಲ ದೂರು ಗಿರಿಜಾರ ಮನೆಯ ಸೋರುವ ಸೂರಿನದು. ಸುಧಾಕರರೂ ಅವರೂ ಮತ್ತೆ ಮುಖಕೊಟ್ಟು ಮಾತಾಡಿದ್ದನ್ನು ನಾನು ಕಾಣಲಿಲ್ಲ. ಮಗಳು ಆ ಕಾಲೇಜಿಗೆ ಮರಳಲಿಲ್ಲ. ಮರುವರ್ಷ ಬ್ರಹ್ಮಾವರದ ಕಾಲೇಜು ಸೇರಿದಳು.

ಅಲ್ಲಿಂದ ಮುಂದೆ ಎಲ್ಲಿಗೆ ಹೋದರೂ ವೈಫೈ ವೇಗದ ಮಾತಿಗೆ ಮೊದಲು ನಾನು ನಿವಾಸಿಗಳನ್ನು ಕೇಳುವುದು ಇಷ್ಟೇ: ಫೋನಿನ ಮೂಲಕ ನಿಮಗೆ ಇಲ್ಲಿ ಯಾರಾದರೂ ನೋವು ಮಾಡಿದ್ದಾರೆಯೇ? ಉತ್ತರ ಬಂದ ಮೇಲಷ್ಟೇ ಲ್ಯಾಪ್‌ಟಾಪ್ ತೆರೆಯುತ್ತೇನೆ.