ಕಿರುಚುವ ಕ್ಯಾಸೆಟ್ಟಿನೊಳಗಿನ ಟಿಣ್

ಪಂಚನಹಳ್ಳಿಯ ಮೈಕ್ ಸೆಟ್ ಲಕ್ಕಣ್ಣನಿಗೆ ದೇವರ ಹಾಡಿನ ಕ್ಯಾಸೆಟ್ಟುಗಳ ಮೇಲೆ ಭಕ್ತಿಯಿತ್ತು, ನಂಬಿಕೆ ಇರಲಿಲ್ಲ. ಅವೆಲ್ಲ ಒಂದರಿಂದ ಇನ್ನೊಂದಕ್ಕೆ ಇಳಿಸಿಕೊಂಡವು. ದೇವರು ಬರುವ ಮೊದಲೇ ಸೊರ್ ಎನ್ನುವ ಸದ್ದು ಬಂದು ಕೂತಿರುತ್ತಿತ್ತು. ಅವನು ನಂಬಿದ್ದು ಊರೆಲ್ಲ ಬೈಯುತ್ತಿದ್ದ ಒಂದು ಇಂಗ್ಲಿಷ್ ಕ್ಯಾಸೆಟ್ಟನ್ನು.

ಅದು ಬಂದದ್ದು ಬೀರೂರಿನಲ್ಲಿ ಕೊಂಡ ಹಳೇ ಟೇಪ್ ಡೆಕ್ಕಿನ ಹೊಟ್ಟೆಯೊಳಗೆ. ಹಾಡುವವರು ಯಾರೋ, ಯಾವ ದೇಶದವರೋ, ಮೇಲಿನ ಚೀಟಿ ಅಳಿಸಿಹೋಗಿತ್ತು. ಮೊದಲ ಸಲ ಅಂಗಳದಲ್ಲಿ ಹಾಕಿದಾಗ ಎದುರುಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಗಿಟಾರು ಗರಗಸದ ಹಾಗೆ ಕೊಯ್ಯುತ್ತಿತ್ತು, ಡ್ರಮ್ಮು ಬಂಡೆ ಉರುಳಿಸುತ್ತಿತ್ತು, ಹಾಡುವವನಿಗೆ ತನ್ನ ಗಂಟಲಿನ ಮೇಲೆ ಕನಿಕರವೇ ಇರಲಿಲ್ಲ. ಲಕ್ಕಣ್ಣ ಮಾತ್ರ ಬಾಯಿ ಬಿಟ್ಟುಕೊಂಡು ಕೂತ. ಅಷ್ಟು ಗದ್ದಲದಲ್ಲೂ ಒಂದು ಸದ್ದಿನ ಮೇಲೆ ಇನ್ನೊಂದು ಬಿದ್ದಿರಲಿಲ್ಲ. ಯಾವ ವಾದ್ಯ ಎಲ್ಲಿ ಕೂತಿದೆ ಎಂದು ಕೈ ಮಾಡಿ ತೋರಿಸಬಹುದಿತ್ತು. ಹೀಗೆ ಕಿರುಚುವ ಜನ ರೆಕಾರ್ಡ್ ಮಾಡುವಾಗ ಇಷ್ಟು ನಾಜೂಕು ಯಾಕೆ ಮಾಡಿದರೋ, ಅವನಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಒಂದು ಹಾಡಿನ ನಡುವೆ ಅಬ್ಬರವೆಲ್ಲ ಕಡಿದುಹಾಕಿದಂತೆ ನಿಲ್ಲುತ್ತಿತ್ತು. ಆ ಮೌನದಲ್ಲಿ ಡ್ರಮ್ಮಿನವನ ತಾಳದ ಅಂಚಿಗೆ ಕಡ್ಡಿ ತಾಗಿದ ಒಂದೇ ಒಂದು 'ಟಿಣ್'. ಕಾಲುಂಗುರ ಹಿತ್ತಾಳೆ ಕೊಡಕ್ಕೆ ತಗಲಿದಷ್ಟು ಸಣ್ಣದು. ಅದು ಕೇಳಿದರೆ ಸೆಟ್ ಸರಿಯಿದೆ, ಕೇಳದಿದ್ದರೆ ಎಲ್ಲೋ ಕೆಟ್ಟಿದೆ. ಆ ಟಿಣ್ ಆಗದೆ ಲಕ್ಕಣ್ಣನ ಮನೆಯಿಂದ ಹಾರ್ನಾಗಲಿ ಸ್ಪೀಕರ್ ಬಾಕ್ಸಾಗಲಿ ಹೊಸಿಲು ದಾಟುತ್ತಿರಲಿಲ್ಲ.

ಎಂಬತ್ತೇಳರ ಬೇಸಿಗೆಯಲ್ಲಿ, ಹಿರೇನಲ್ಲೂರಿನ ಸೋಮಶೇಖರಪ್ಪನವರ ಮನೆಯ ಚಪ್ಪರದ ದಿನ, ಟಿಣ್ ಬರಲಿಲ್ಲ.

ಸೋಮಶೇಖರಪ್ಪನವರು ಕೊಬ್ಬರಿ ವ್ಯಾಪಾರದವರು, ಮಠಕ್ಕೆ ಬೇಕಾದವರು. ಮಗಳ ಮದುವೆಗೆ ಸೆಟ್ ಹೇಳುವಾಗಲೇ ಖಡಾಖಂಡಿತವಾಗಿ ಎಚ್ಚರಿಸಿದ್ದರು: "ತರೀಕೆರೇಲಿ ನಮ್ಮ ಬೀಗರ ಮನೆ ಕಾರ್ಯದಲ್ಲಿ ನಿನ್ನ ಸೆಟ್ಟು ಕಿವಿ ಕಚ್ತು ಕಣಯ್ಯ ಲಕ್ಕಣ್ಣ. ಮುದುಕೀರೆಲ್ಲ ಹತ್ತಿ ತುರುಕ್ಕೊಂಡು ಕೂತಿದ್ರು. ನಮ್ಮಲ್ಲಿ ಸ್ವಾಮಿಗಳ ಆಶೀರ್ವಚನ ಐತೆ. ಈ ಸಲಾನೂ ಹಂಗೇ ಆದ್ರೆ ನಮ್ಮೋರ ಯಾವ ಚಪ್ಪರಕ್ಕೂ ನೀನು ಬರ್ಬೇಡ." ಅವರ ಮಾತು ಕಡೂರಿನಿಂದ ಅಜ್ಜಂಪುರದವರೆಗೆ ನಡೆಯುವ ಮಾತು. ಹೊಲವನ್ನು ಅಣ್ಣನಿಗೆ ಬಿಟ್ಟು ಈ ಕಸುಬು ಹಿಡಿದಿದ್ದ ಲಕ್ಕಣ್ಣನಿಗೆ ಸೆಟ್ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಸೆಟ್ ಕಿವಿ ಕಚ್ಚಿದ್ದು ಹೇಗೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಅವನ ಪ್ರಕಾರ ವರ್ಷದಿಂದ ಅದು ಮಂಕಾಗಿತ್ತು. ಮಂಕು ಹೋಗಲಿ ಎಂದೇ, ಸಣ್ಣ ಸದ್ದನ್ನು ಚೂಪು ಮಾಡುವ ಟ್ರೆಬಲ್ ತಿರುಪನ್ನು ಹಬ್ಬದಿಂದ ಹಬ್ಬಕ್ಕೆ ಏರಿಸುತ್ತ ಬಂದಿದ್ದ.

ಈಗ ತಿರುಪು ತುದಿಗೆ ಮುಟ್ಟಿತ್ತು. ಟಿಣ್ ಇಲ್ಲ. ಸ್ಪಿರಿಟ್ ಹಚ್ಚಿ ಡೆಕ್ಕಿನ ಹೆಡ್ ಒರೆಸಿದ. ಇಲ್ಲ. ವೈರು ಬದಲಿಸಿದ, ಬೇರೆ ಸ್ಪೀಕರ್ ಬಾಕ್ಸಿಗೆ ಕೊಟ್ಟ. ಅಬ್ಬರ ನಿಲ್ಲುತ್ತಿತ್ತು, ಆಮೇಲೆ ಬರೀ ಮೌನ, ಮತ್ತೆ ಅಬ್ಬರ. ಬಾಗಿಲಲ್ಲಿ ಟೆಂಪೋ ನಿಲ್ಲಿಸಿಕೊಂಡಿದ್ದ ಕರಿಯಣ್ಣ ಹಾರನ್ ಹೊಡೆದ.

"ಏನಪ್ಪಾ, ಮದುವೆ ಮುಗಿದ ಮೇಲೆ ಮೈಕ್ ಕಟ್ತೀಯಾ?"

"ತಡಿಯೋ ಮಾರಾಯ!" ಎಂದ ಲಕ್ಕಣ್ಣ. ಕೆಟ್ಟ ಸೆಟ್ ಒಯ್ದರೆ ಸ್ವಾಮಿಗಳ ಮುಂದೆ ಮಾನ ಹೋಗುತ್ತದೆ, ಒಯ್ಯದಿದ್ದರೆ ಇವತ್ತೇ ಕಸುಬು ಹೋಗುತ್ತದೆ. ಇನ್ನೊಮ್ಮೆ ಹಾಕಿದ. ಬಾಕ್ಸಿಗೆ ಕಿವಿ ಒತ್ತಿ, ಉಸಿರು ಹಿಡಿದು ಕಾದ. ಮೌನ. ಸಿಟ್ಟು ನೆತ್ತಿಗೇರಿ ಕ್ಯಾಸೆಟ್ಟನ್ನು ಕಿತ್ತು ತಿಪ್ಪೆಗೆ ಎಸೆಯಲು ಕೈ ಎತ್ತಿದ.

ಒಳಗೆ ಮುದ್ದೆ ತಿರುವುತ್ತಿದ್ದ ಹೆಂಡತಿ ಕಾಂತಮ್ಮ ಗಟ್ಟಿಯಾಗಿ ಕೇಳಿದಳು: "ಅಯ್ಯೋ, ಯಾಕ್ ಕಿತ್ರಿ? ಬಂತಲ್ಲ ನಿಮ್ಮ ಟಿಣ್ಣು?"

"ಎಲ್ಲೇ ಬಂತು?"

"ಈಗ ತಾನೇ. ಹಾಕ್ದಾಗೆಲ್ಲ ಬಂತಲ್ಲ. ಕಿವಿಗೆ ಸೂಜಿ ಚುಚ್ಚಿದಂಗೆ ಬತ್ತೈತೆ."

ಲಕ್ಕಣ್ಣ ಅವಳನ್ನು ಹಿಟ್ಟಿನ ಕೈಯಲ್ಲೇ ಎಳೆತಂದು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ. "ಬಂದಾಗ ಬೆರಳು ಎತ್ತು. ಸುಳ್ಳು ಹೇಳಿದ್ರೆ ನೋಡು." ಕ್ಯಾಸೆಟ್ ಓಡಿತು. ಅಬ್ಬರ ನಿಂತಿತು. ಅವನ ಪಾಲಿಗೆ ಮನೆಯಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ ನಡುವೆ ಕಾಂತಮ್ಮನ ರಾಗಿಹಿಟ್ಟಿನ ಬೆರಳು ಮೇಲಕ್ಕೆದ್ದಿತು.

ಅವನು ಕ್ಯಾಸೆಟ್ ನಿಲ್ಲಿಸಿದ. ಇಪ್ಪತ್ತು ವರ್ಷ ಹಾರ್ನುಗಳ ಕೆಳಗೆ ನಿಂತ ಕಿವಿ. ಸೆಟ್ಟಿಗೆ ಏನೂ ಆಗಿರಲಿಲ್ಲ.

"ಹೋದ ವರ್ಷದಿಂದ ಮೆಲ್ಲಗೆ ಕರೆದ್ರೆ ನೀವು ತಿರುಗ್ತಿರ್ಲಿಲ್ಲ," ಎಂದಳು ಕಾಂತಮ್ಮ, ಅವನಿಗೆ ಕೇಳುವಂತೆ ಹತ್ತಿರ ಬಂದು. "ನನ್ ಮೇಲೆ ಸಿಟ್ಟು ಅಂದ್ಕೊಂಡಿದ್ದೆ." ಲಕ್ಕಣ್ಣನಿಗೆ ಅಳು ಬಂತು, ಅತ್ತ. ಹೊರಗೆ ಕರಿಯಣ್ಣ ಇನ್ನೊಮ್ಮೆ ಹಾರನ್ ಹೊಡೆದ. ಅದು ಮಾತ್ರ ಚೆನ್ನಾಗಿಯೇ ಕೇಳಿತು.

"ಕೈ ತೊಳ್ಕೊಂಡು ಒಳ್ಳೆ ಸೀರೆ ಉಟ್ಕೊ. ನಡಿ," ಎಂದ.

ಚಪ್ಪರದ ಮೂಲೆಯಲ್ಲಿ ಗಂಡನ ಪಕ್ಕ ಕೂತ ಕಾಂತಮ್ಮನನ್ನು ನೋಡಿ ಜನ ನಕ್ಕರು. ಲಕ್ಕಣ್ಣ ಹೆಂಡ್ತೀನ ಕಾವಲಿಗೆ ಕರ್ಕೊಂಡ್ ಬಂದವ್ನೆ ಎಂದರು. ಅವಳು ಅಂಗೈ ಕೆಳಗೆ ಒತ್ತಿದರೆ ಅವನು ತಿರುಪು ಇಳಿಸುತ್ತಿದ್ದ, ಬೆರಳು ಎತ್ತಿದರೆ ನಿಲ್ಲಿಸುತ್ತಿದ್ದ. ಮಾರನೆಯ ದಿನ ಸ್ವಾಮಿಗಳು ಮಾತಾಡುವಾಗ ಅವನಿಗೆ ಎಲ್ಲವೂ ಕಂಬಳಿ ಮುಚ್ಚಿದಂತೆ ಕೇಳುತ್ತಿತ್ತು. ತಿರುಪು ಏರಿಸಲು ಕೈ ತುಡಿಯುತ್ತಿತ್ತು. ಏರಿಸಲಿಲ್ಲ. ಮುದುಕಿಯರ ಸಾಲನ್ನೇ ನೋಡುತ್ತಿದ್ದ. ಯಾರೂ ಹತ್ತಿ ಹುಡುಕಲಿಲ್ಲ.

ಊಟದ ಹೊತ್ತಿಗೆ ಸೋಮಶೇಖರಪ್ಪನವರೇ ಬಂದರು. "ಭೇಷ್ ಕಣಯ್ಯ, ಸ್ವಾಮಿಗಳ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳ್ತು. ಸೆಟ್ಟಿಗೆ ಏನು ರಿಪೇರಿ ಮಾಡಿಸ್ದೆ?"

ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಲಕ್ಕಣ್ಣನಿಂದ ಆಗಲಿಲ್ಲ. "ಸೆಟ್ ಕೆಟ್ಟಿರ್ಲಿಲ್ಲ ಯಜಮಾನ್ರೆ. ನನ್ನ ಕಿವಿ ಹೋಗೈತೆ. ಇನ್ಮೇಲೆ ಕೇಳೋಳು ಇವಳು."

ಅವರು ಕಾಂತಮ್ಮನ ಕಡೆಗೂ ತಿರುಗಿದರು. "ಶ್ರಾವಣದಲ್ಲಿ ಮಠದಾಗೆ ಪುರಾಣ ಐತೆ," ಎಂದರು. "ಇಬ್ರೂ ಬನ್ನಿ."

ಆಮೇಲೂ ಸೆಟ್ ಹೊರಡುವ ಮೊದಲು ಆ ಕ್ಯಾಸೆಟ್ ಓಡುವುದು ತಪ್ಪಲಿಲ್ಲ. ಅಬ್ಬರ ನಿಂತಾಗ ಕಾಂತಮ್ಮ ಬೆರಳೆತ್ತುತ್ತಿದ್ದಳು, ಅವನು ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಹೆಂಗೈತೆ?" ಎಂದು ಪ್ರತಿ ಸಲ ಕೇಳುತ್ತಿದ್ದ.

"ಹಂಗೇ ಐತೆ," ಎನ್ನುತ್ತಿದ್ದಳು, ಗಟ್ಟಿಯಾಗಿ. "ಸಣ್ಣಗೆ, ಚೆಂದಾಗಿ."