ಹಳೇ ಡಿಸ್ಕಿನ ವೈರು

ಸಿಂದಗಿಯ ನನ್ನ ಬಾಡಿಗೆ ಕೋಣೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಎಂಬ ಹೊಸ, ವೇಗದ ಡಿಸ್ಕ್ ಹಾಕಿದ್ದು ಒಂದು ಸೋಮವಾರ. ಫೋಟೋಗಳಿದ್ದವೆಂದು ಹಳೆಯ ಹಾರ್ಡ್ ಡಿಸ್ಕನ್ನೂ ಒಳಗೇ ಬಿಟ್ಟೆ. ಕಂಪ್ಯೂಟರ್ ಬೇಗ ಶುರುವಾಗಬೇಕಿತ್ತು. ನಾಲ್ಕು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ವಹಿಯಲ್ಲಿ ಬರೆದುಕೊಂಡೆ.

ಎರಡು ವರ್ಷ ಅದೇ ಕೋಣೆಯಲ್ಲಿ ಜೊತೆಗಿದ್ದ ಗೆಳೆಯನಿಗೆ ಇಂಡಿಗೆ ವರ್ಗವಾಗಿತ್ತು. ಕಂಪ್ಯೂಟರ್ ಕೆಟ್ಟರೆ ಬಿಚ್ಚಿ ನೋಡುತ್ತಿದ್ದವನು ಅವನೇ. ಹೋದ ಮೇಲೆ ತಾನಾಗಿ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಸುಮ್ಮಸುಮ್ಮನೆ ಮಾಡಲು ನನಗೆ ಸಂಕೋಚ. ಈಗ ಕೇಳಲು ಒಂದು ಪ್ರಶ್ನೆ ಸಿಕ್ಕಿತ್ತು.

ದಿನಕ್ಕೊಂದೇ ಬದಲಾವಣೆ ಮಾಡಿ, ಸಮಯ ಅಳೆದು, ಸಂಜೆ ಅವನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಮಂಗಳವಾರ ತಾನಾಗಿ ತೆರೆದುಕೊಳ್ಳುವ ಪ್ರೋಗ್ರಾಂಗಳನ್ನು ನಿಲ್ಲಿಸಿದೆ. ಬುಧವಾರ ಬಯೋಸ್ ಸೆಟ್ಟಿಂಗಿನಲ್ಲಿ, ಕಂಪ್ಯೂಟರ್ ಶುರುವಾಗುವಾಗ ನೋಡುವ ಡಿಸ್ಕುಗಳ ಸಾಲಿನಲ್ಲಿ ಹೊಸದನ್ನು ಮೊದಲಿಗೆ ತಂದೆ. ಗುರುವಾರ ವಿಂಡೋಸನ್ನೇ ಮತ್ತೆ ಹಾಕಿದೆ. ಸಮಯ ಇಳಿಯಲಿಲ್ಲ.

ಶುಕ್ರವಾರ ಅವನು ಕೇಳಿದ: "ಲೇ, ಹಳೇ ಡಿಸ್ಕಿನ ವೈರ್ ತಗದ್ ನೋಡೀಯೋ ಇಲ್ಲೋ?"

"ಇಲ್ಲ."

"ಎಲ್ಲಾ ಮಾಡಿ ಅದೊಂದ ಬಿಟ್ಟಿಯೇನ? ಸಾಯಾಕತ್ತೈತಿ ಅದು. ಕಂಪ್ಯೂಟರ್ ಅದನ್ನ ಹುಡುಕ್ಕೋತ ಕುಂದರ್ತೈತಿ. ದೊಡ್ಡ ಲೆಕ್ಕದ ಮನಿಷ್ಯಾ ನೀ, ಇಷ್ಟು ತಿಳೀಲಿಲ್ಲೇನ?"

ತಿಳಿದಿತ್ತು. ಸೋಮವಾರವೇ ಆ ಡಿಸ್ಕಿನ ಕಟಕಟ ಸದ್ದು ಕೇಳಿಸಿಕೊಂಡು, ಇದನ್ನು ಕೊನೆಗೆ ನೋಡುವುದು ಎಂದು ವಹಿಯಲ್ಲಿ ಬರೆದಿಟ್ಟಿದ್ದೆ. ಅವನಿಗೆ ಹೇಳಲಿಲ್ಲ.

ಫೋನ್ ಹಿಡಿದುಕೊಂಡೇ ಕಂಪ್ಯೂಟರ್ ಆರಿಸಿ, ವೈರು ತೆಗೆದು, ಮತ್ತೆ ಶುರು ಮಾಡಿದೆ. ಹತ್ತೊಂಬತ್ತು ಸೆಕೆಂಡಿಗೆ ಪರದೆ ಬೆಳಗಿತು.

"ಮುಗೀತಲ್ಲಪಾ!" ಎಂದು ನಕ್ಕು ಅವನು ಫೋನಿಟ್ಟ.

ಶನಿವಾರ ಸಂಜೆಯೂ ಹತ್ತೊಂಬತ್ತೇ ಸೆಕೆಂಡು. ಬರೆದುಕೊಂಡೆ. ಅವನಿಗೆ ಹೇಳುವಂಥದ್ದೇನೂ ಇರಲಿಲ್ಲ.